ಸಮುದ್ರ ಮಟ್ಟದಿಂದ ನಮ್ಮ ಮನೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ದುಡಿದವನು ನಾನು. ಕಿರಾಣಿ ಅಂಗಡಿಯ ತಕ್ಕಡಿ ಹತ್ತು ಗ್ರಾಂ ಸುಳ್ಳು ಹೇಳುತ್ತಿದ್ದರೆ ಬಾಗಿಲಲ್ಲಿ ನಿಂತೇ ಗುರುತಿಸುತ್ತಿದ್ದೆ. ಆದ್ದರಿಂದ ಒಂದು ಕಟ್ಟಡದ ಎತ್ತರ ಎಷ್ಟು ಎಂಬ ಸಣ್ಣ ಪ್ರಶ್ನೆ ಎದುರಾದಾಗ, ಇದು ನನಗೆಂದೇ ಮಾಡಿಟ್ಟ ಕೆಲಸ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಮೊದಲ ತಪ್ಪು. ಉಳಿದವು ಅದರ ಹಿಂದೆ ಸಾಲಾಗಿ ಬಂದವು.

ನಮ್ಮ ಮನೆ ಇರುವುದು ಕೆಂಗೇರಿಯಿಂದಾಚೆ. ಚಂದ್ರಾ ಲೇಔಟಿನಲ್ಲಿ ಹತ್ತೊಂಬತ್ತು ವರ್ಷ ಬಾಡಿಗೆಗಿದ್ದು, ನಿವೃತ್ತಿಯಾದ ಮೇಲೆ ಇಲ್ಲೊಂದು ಸೈಟಿನಲ್ಲಿ ಮನೆ ಕಟ್ಟಿಸಿದೆವು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಲೇಔಟಿನ ಹಿಂದೆ ಒಂದು ಪುಟ್ಟ ವಿಮಾನ ನಿಲ್ದಾಣವಿದೆ. ನಿಲ್ದಾಣವೆಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ರನ್‌ವೇ, ಎರಡು ಶೆಡ್ಡು, ಕಂಬಕ್ಕೆ ಕಟ್ಟಿದ ಒಂದು ಗಾಳಿಚೀಲ. ಹಾರಾಟ ಕಲಿಯುವವರು ಎರಡು ಸೀಟಿನ ವಿಮಾನದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಮ್ಮ ತಲೆಯ ಮೇಲೆ ಸುತ್ತುತ್ತಾರೆ. ಹೊಲಿಗೆ ಯಂತ್ರ ಆಕಾಶದಲ್ಲಿ ಓಡಿದಂತೆ ಸದ್ದು. ಒಂದು ತಿಂಗಳಿಗೆ ಅಭ್ಯಾಸವಾಗುತ್ತದೆ.

ಲೇಔಟಿನ ಜಗಳಗಳೆಲ್ಲ ಈ ನಿಲ್ದಾಣದ ಸುತ್ತಲೇ. ನಿವಾಸಿಗಳ ಸಂಘದ ಸಭೆಯಲ್ಲಿ ಪ್ರತಿ ತಿಂಗಳೂ ಎರಡು ಪಂಗಡ. ವಿಮಾನ ಇಳಿಯುವ ದಾರಿಗೆ ಅಡ್ಡವಾಗಿ ಮಹಡಿ ಮೇಲೆ ಮಹಡಿ ಏರಿಸುತ್ತಿದ್ದಾರೆ, ಒಂದು ದಿನ ಯಾರದ್ದಾದರೂ ಟ್ಯಾಂಕಿನ ಮೇಲೆ ವಿಮಾನ ಕೂರುತ್ತದೆ ಎನ್ನುವವರು ಒಂದು ಕಡೆ. ಸೈಟು ನಮ್ಮದು, ಮೇಲಿರುವ ಆಕಾಶವೂ ನಮ್ಮದೇ ಎನ್ನುವವರು ಇನ್ನೊಂದು ಕಡೆ. ವಿಮಾನ ಮೊದಲು ಬಂತೋ ಮನೆ ಮೊದಲು ಬಂತೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪ್ರತಿ ಸಲವೂ ಆ ಪ್ರಶ್ನೆ ಬರುವಷ್ಟರಲ್ಲಿ ಕಾಫಿ ಬಂದುಬಿಡುತ್ತದೆ.

ನಾನು ಎರಡೂ ಪಂಗಡಕ್ಕೆ ಸೇರಿದವನಲ್ಲ. ನನ್ನ ಸಮಸ್ಯೆ ಬೇರೆ. ಅದು ಸಂಡಿಗೆ.

ನನ್ನ ಹೆಂಡತಿ ಗಿರಿಜಾ ದಾವಣಗೆರೆಯವಳು. ಅವಳು ಮಾಡುವ ಅರಳು ಸಂಡಿಗೆ ಎಣ್ಣೆಗೆ ಬಿದ್ದರೆ ಬಾಣಲೆ ತುಂಬುತ್ತದೆ. ಚಂದ್ರಾ ಲೇಔಟಿನ ಹಳೆಯ ನೆರೆಯವರಲ್ಲಿ ಹನ್ನೊಂದು ಮನೆಗಳಿಗೆ ಅವಳ ಸಂಡಿಗೆಯಿಲ್ಲದೆ ಯುಗಾದಿಯಾಗುವುದಿಲ್ಲ. ಅದಕ್ಕೊಂದು ನಿಯಮವಿದೆ. ಬೆಳಗಿನ ಎಳೆಬಿಸಿಲಿಗೆ ಇಡಬೇಕು, ಬಿಸಿಲು ಏರಿದಂತೆ ಅದೂ ನಿಧಾನವಾಗಿ ಒಣಗಬೇಕು. ಹತ್ತು ಗಂಟೆಯ ಬಿಸಿಲಿಗೆ ಹಸಿ ಸಂಡಿಗೆ ಇಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಸೀಳುತ್ತದೆ. ನಮ್ಮ ತಾರಸಿಗೆ ಸೂರ್ಯ ಬೆಳಿಗ್ಗೆ ಏಳು ಗಂಟೆಗೆ ಬರುತ್ತಿದ್ದ. ನಾನು ಗಡಿಯಾರ ಹಿಡಿದು ಬರೆದಿಟ್ಟಿದ್ದೇನೆ.

ನಮ್ಮ ಮನೆಯ ಪೂರ್ವಕ್ಕೆ ನಂಜೇಗೌಡರ ಮನೆ. ಅವರು ಈ ಊರಿನ ಮೂಲದವರು. ಈ ಲೇಔಟು ಅವರ ತಂದೆಯ ಕಾಲದಲ್ಲಿ ರಾಗಿ ಹೊಲವಾಗಿತ್ತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸತೊಡಗಿದರು. ನೆಲಮಹಡಿಯ ಮೇಲೆ ಎರಡು ಮಹಡಿ ಎದ್ದಾಗ ನನಗೇನೂ ಅನಿಸಲಿಲ್ಲ. ನಮ್ಮ ಬೀದಿ ಇಳಿಜಾರು, ಅವರದು ತಗ್ಗಿನ ಸೈಟು. ಎರಡು ಮಹಡಿ ಎದ್ದರೂ ಅವರ ತಾರಸಿ ನಮ್ಮ ತಾರಸಿಯ ಸಮಕ್ಕೆ ಬಂದು ನಿಂತಿತ್ತು. ಗಿರಿಜಾ ಮತ್ತು ಗೌಡರ ಹೆಂಡತಿ ಜಯಮ್ಮ ಆ ಕಡೆ ಈ ಕಡೆ ನಿಂತು ಸಾರಿನ ಬಗ್ಗೆ ಮಾತಾಡುತ್ತಿದ್ದರು. ದಸರಾ ಹೊತ್ತಿಗೆ ಜಯಮ್ಮ ಸಂತೋಷದ ಸುದ್ದಿ ಹೇಳಿದರು: ಇನ್ನೊಂದು ಮಹಡಿ ಏರಿಸುತ್ತಿದ್ದೇವೆ. ಮಗಳು ಸವಿತಾ ನಂದಿನಿ ಲೇಔಟಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ, ಅವಳಿಗೊಂದು ಮನೆಯಾಗಲಿ ಎಂದು.

ಆ ದಿನ ಗಿರಿಜಾ ಊಟಕ್ಕೆ ಬಡಿಸುತ್ತ ಮೆಲ್ಲಗೆ ಕೇಳಿದಳು. "ಅಲ್ರೀ, ಮೂರನೇ ಮಹಡಿ ಎದ್ರೆ ನಮ್ಮ ಬಿಸಿಲು?"

ಅವಳು ಕೇಳಿದ್ದು ಅಷ್ಟೇ. ಏನಾದರೂ ಮಾಡಿ ಎಂದು ಹೇಳಲಿಲ್ಲ. ಇದನ್ನು ನಾನು ದಾಖಲಿಸಲೇಬೇಕು. ಯಾಕೆಂದರೆ ಮುಂದೆ ಅವಳು ಇದನ್ನೇ ಎಷ್ಟೋ ಸಲ ಹೇಳಿದ್ದಾಳೆ.

ನಾನು ಎದೆಯುಬ್ಬಿಸಿ, ನಿನ್ನ ಸೂರ್ಯನನ್ನು ಉಳಿಸುವುದು ನನ್ನ ಜವಾಬ್ದಾರಿ ಎಂದೆ. ವಿಮಾನ ನಿಲ್ದಾಣದ ಗೇಟಿನಲ್ಲಿ ಒಂದು ಫಲಕವನ್ನು ನಾನು ವಾಕಿಂಗ್ ಹೋಗುವಾಗ ದಿನವೂ ಓದುತ್ತಿದ್ದೆ. ಸುತ್ತಮುತ್ತ ಕಟ್ಟಡ ಕಟ್ಟುವವರು ಎತ್ತರದ ಮಿತಿಯನ್ನು ಪಾಲಿಸತಕ್ಕದ್ದು, ಮೀರಿದ್ದು ಕಂಡುಬಂದರೆ ತಿಳಿಸತಕ್ಕದ್ದು. ಗೌಡರು ಮೀರಿದ್ದಾರೆ ಎಂದು ತೋರಿಸಬೇಕಾದರೆ ಮೊದಲು ಅಳೆಯಬೇಕು. ಅಳೆಯುವುದರಲ್ಲಿ ನನ್ನನ್ನು ಮೀರಿಸುವವರು ಯಾರು?

ಪಕ್ಕದ ಮನೆಯನ್ನು ಗೊತ್ತಾಗದಂತೆ ಅಳೆಯುವ ಉಪಾಯ ನೆರಳು. ಒಂದು ಮೀಟರಿನ ಕೋಲು ನೆಟ್ಟು ಅದರ ನೆರಳು ಅಳೆಯುವುದು, ಅದೇ ಹೊತ್ತಿಗೆ ಕಟ್ಟಡದ ನೆರಳನ್ನೂ ಅಳೆಯುವುದು, ಉಳಿದದ್ದು ಲೆಕ್ಕ. ನನ್ನ ಹತ್ತಿರ ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಹಿತ್ತಾಳೆಯ ಮೀಟರ್ ಕೋಲಿದೆ. ಬೆಳಿಗ್ಗೆ ಎಂಟೂವರೆಗೆ ಅದನ್ನು ರಸ್ತೆಯಲ್ಲಿ ಲಂಬವಾಗಿ ನಿಲ್ಲಿಸಿ ಬಗ್ಗಿದೆ. ಕೋಲಿನ ನೆರಳು ಸಿಕ್ಕಿತು. ಗೌಡರ ಮನೆಯ ನೆರಳು ಮಾತ್ರ ನಮ್ಮ ಗೋಡೆಯ ಮೇಲೆ ಹತ್ತಿ, ಕಿಟಕಿಯೊಳಗೆ ನುಗ್ಗಿ, ಅಡುಗೆಮನೆಯ ಕಟ್ಟೆಯ ಮೇಲೆ ಮುಗಿದಿತ್ತು. ನೆರಳಿನ ತುದಿ ಹಿಡಿಯಲು ನಾನು ಕಿಟಕಿಯೊಳಗೆ ತಲೆ ಹಾಕಿದೆ. ಒಳಗಿದ್ದ ಗಿರಿಜಾ ಹೆದರಿ ಒಗ್ಗರಣೆ ಸೌಟು ಕೈಬಿಟ್ಟಳು.

ಸದ್ದಿಗೆ ಗೌಡರು ಹೊರಗೆ ಬಂದರು. ಟವೆಲು ಹೆಗಲ ಮೇಲೆ, ಬಾಯಲ್ಲಿ ಬ್ರಷ್ಷು. ನನ್ನ ಕೋಲು ನೋಡಿದರು, ನನ್ನನ್ನು ನೋಡಿದರು.

"ಏನ್ ಸಾರ್, ಮನೆ ಅಳೀತಿದೀರಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲ. ಹೌದು, ಸುಮ್ಮನೆ ಕುತೂಹಲಕ್ಕೆ ಎಂದೆ.

"ಅದಕ್ಕ್ಯಾಕ್ ಸಾರ್ ಕಿಟಕೀಲಿ ನುಗ್ತೀರಾ? ಇರಿ, ಮೇಲಿಂದ ಟೇಪ್ ಬುಡ್ತೀನಿ. ನೀವು ಕೆಳಗೆ ಹಿಡ್ಕಳಿ."

ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅವರು ಮೆಟ್ಟಿಲು ಹತ್ತಿದರು. ಮೇಲಿನಿಂದ ಟೇಪು ಬಿಟ್ಟರು. ಗಾಳಿಗೆ ಟೇಪು ಓರೆಯಾದಾಗ ತುದಿಗೆ ಒಂದು ಕಲ್ಲು ಕಟ್ಟಿ ಮತ್ತೆ ಬಿಟ್ಟರು. ನಾನು ಕೆಳಗೆ ನಿಂತು ಅಡಿ, ಅಂಗುಲ ಬರೆದುಕೊಂಡೆ. ಮುಂದೆ ಏರುವ ಮೂರನೆಯ ಮಹಡಿ, ಅದರ ಮೇಲೆ ಮೆಟ್ಟಿಲಿನ ಗೂಡು ಎಷ್ಟಾಗುತ್ತದೆ ಎಂದು ಅವರೇ ಸೇರಿಸಿ ಹೇಳಿದರು. ಒಟ್ಟು ಐವತ್ತನಾಲ್ಕು ಅಡಿ. ಜಯಮ್ಮ ಕಾಫಿ ತಂದುಕೊಟ್ಟರು. ಕುಡಿದೆ.

ಆಮೇಲೆ ನಮ್ಮ ಮನೆಯನ್ನೂ ಅಳೆದೆ. ನ್ಯಾಯ ಎಂದರೆ ಎರಡೂ ಕಡೆ ಅಳೆಯುವುದು. ನೆಲದಿಂದ ನೀರಿನ ಟ್ಯಾಂಕಿನ ಮುಚ್ಚಳದವರೆಗೆ ನಲವತ್ತನಾಲ್ಕು ಅಡಿ. ಗೌಡರಿಗಿಂತ ಹತ್ತಡಿ ಕಡಿಮೆ. ಮನಸ್ಸಿಗೆ ಸಮಾಧಾನವಾಯಿತು. ಕಾನೂನು ಪಾಲಿಸುವ ಮನೆ ಎಂದರೆ ನಮ್ಮದು!

ದೀಪಾವಳಿ ಬಂತು. ನಮ್ಮ ಕಡೆ ಕಾರ್ತಿಕ ಮಾಸವಿಡೀ ಮನೆಯ ಮೇಲೆ ಆಕಾಶಬುಟ್ಟಿ ತೂಗುತ್ತದೆ. ಬಣ್ಣದ ಕಾಗದದ ಬುಟ್ಟಿ, ಒಳಗೊಂದು ದೀಪ. ಆಕಾಶಕ್ಕೆ ಕಾಣಬೇಕು, ಅದಕ್ಕೇ ಆ ಹೆಸರು. ಪ್ರತಿ ವರ್ಷ ಆರಡಿಯ ಬಿದಿರಿಗೆ ಕಟ್ಟುತ್ತಿದ್ದೆವು. ಈ ವರ್ಷ ಗೌಡರ ಮನೆಯ ಸೆಂಟ್ರಿಂಗ್ ಕಂಬಗಳು ಎದ್ದು ನಿಂತಿದ್ದರಿಂದ ಬುಟ್ಟಿ ಪೂರ್ವದ ಕಡೆಯವರಿಗೆ ಕಾಣುತ್ತಿರಲಿಲ್ಲ. ಗಿರಿಜಾ ಬೇಸರ ಮಾಡಿಕೊಂಡಳು. ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಜಿಐ ಪೈಪು ತಂದೆ. ಪೈಪು ಇಪ್ಪತ್ತಡಿ ಉದ್ದ ಬರುತ್ತದೆ. ಕತ್ತರಿಸಲು ಮನಸ್ಸಾಗಲಿಲ್ಲ. ಐದಡಿಯನ್ನು ಟ್ಯಾಂಕಿನ ಪಕ್ಕದ ಕಬ್ಬಿಣದ ಏಣಿಗೆ ಬಿಗಿದು, ಉಳಿದದ್ದನ್ನು ಮೇಲಕ್ಕೆ ಬಿಟ್ಟೆ. ತುದಿಯಲ್ಲಿ ಬುಟ್ಟಿ ತೂಗಿತು. ಸಂಜೆ ಮೈಸೂರು ರಸ್ತೆಯವರೆಗೂ ಕಾಣುತ್ತದೆ ಎಂದು ಹಾಲಿನವನು ಹೇಳಿದ.

ಇದನ್ನು ನಾನು ಎತ್ತರದ ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಹಬ್ಬ.

ಅದೇ ವಾರ ದೂರು ಬರೆದೆ. ಹೆಸರಿಲ್ಲದೆ ಬರೆಯಬೇಕೆಂದು ನಿರ್ಧರಿಸಿದ್ದೆ, ನೆರೆಹೊರೆಯ ಸಂಬಂಧ ಕೆಡಬಾರದು. ಆದರೆ ಮೂವತ್ತೊಂದು ವರ್ಷದ ಕೈ ನಮ್ಮ ಮಾತು ಕೇಳುವುದಿಲ್ಲ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರು ಮಾಡಿದ್ದು, ಅಳತೆಯ ಪಟ್ಟಿ, ಕೈನಕ್ಷೆ, ಅಡಕಗಳ ವಿವರ ಎಲ್ಲ ಮುಗಿಸಿ, ಕೊನೆಯಲ್ಲಿ ತಾನಾಗಿಯೇ "ತಮ್ಮ ವಿಶ್ವಾಸಿ" ಎಂದು ಬರೆದು, ಸಹಿ ಮಾಡಿ, ಕೆಳಗೆ ಹೆಸರು, ಹಿಂದಿನ ಹುದ್ದೆ, ವಿಳಾಸ ಹಾಕಿತು. ಹೆಸರಿಲ್ಲದ ಅರ್ಜಿಗೆ ಸಹಿ ಹಾಕಿದ ಮೊದಲ ಮನುಷ್ಯ ನಾನೇ ಇರಬೇಕು.

ಅಷ್ಟಕ್ಕೇ ನಿಂತಿದ್ದರೆ ಬದುಕುತ್ತಿದ್ದೆ. ಇಲಾಖೆಯಲ್ಲಿ ಯಾರ ಮೇಲೆ ಕ್ರಮಕ್ಕೆ ಬರೆದರೂ ಅವರಿಗೊಂದು ಪ್ರತಿ ಕಳಿಸುವುದು ಪದ್ಧತಿ. ಸಹಿಯ ಕೆಳಗೆ ಕೈ ಇನ್ನೊಂದು ಸಾಲು ಬರೆಯಿತು. "ಪ್ರತಿ: ಸದರಿ ಕಟ್ಟಡದ ಮಾಲೀಕರಾದ ಶ್ರೀ ನಂಜೇಗೌಡರ ಮಾಹಿತಿಗಾಗಿ." ಎರಡು ಲಕೋಟೆ ಮಾಡಿದೆ. ಎರಡನ್ನೂ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ರಸೀದಿಗಳನ್ನು ಫೈಲಿಗೆ ಹಾಕಿದೆ. ಮನೆಗೆ ಬಂದು ಕೈಕಾಲು ತೊಳೆದು ವಿಭೂತಿ ಹಚ್ಚಿಕೊಳ್ಳುವವರೆಗೂ ನಾನು ಏನು ಮಾಡಿದ್ದೇನೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಾಗ ವಿಭೂತಿ ಹಣೆಗೆ ಬದಲು ಕಿವಿಗೆ ಹೋಯಿತು.

ಮೂರನೆಯ ದಿನ ಸಂಜೆ ಗೌಡರು ಬಂದರು. ಕೈಯಲ್ಲಿ ಲಕೋಟೆ.

"ಸಾರ್, ಯಾವ್ದೋ ಸರ್ಕಾರಿ ಕಾಗದ ಇದ್ದಂಗೈತೆ. ಕನ್ನಡಕ ಮನೇಲೇ ಬುಟ್ಟ್ ಬಂದೆ. ಒಸಿ ಓದಿ ಏಳ್ತೀರಾ?"

ಇದನ್ನು ನಿಧಾನವಾಗಿ ಹೇಳಬೇಕು. ನಾನು ಕುರ್ಚಿಯಲ್ಲಿ ಕುಳಿತೆ. ಅವರು ಎದುರಿಗೆ ಕುಳಿತರು. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ನನ್ನ ದೂರನ್ನು, ಅದು ಯಾರ ವಿರುದ್ಧವೋ ಅವರಿಗೆ, ಗಟ್ಟಿಯಾಗಿ ಓದತೊಡಗಿದೆ. "ಸದರಿ ಮಾಲೀಕರು ವೈಮಾನಿಕ ಸುರಕ್ಷತೆಯನ್ನು ಕಡೆಗಣಿಸಿ" ಎಂಬಲ್ಲಿ ಧ್ವನಿ ಇಳಿಯಿತು. "ಸ್ವತಃ ಮಾಲೀಕರ ಸಹಕಾರದಿಂದಲೇ ಟೇಪು ಬಿಟ್ಟು ಅಳೆಯಲಾಗಿದ್ದು" ಎಂಬಲ್ಲಿ ಕೆಮ್ಮು ಬಂತು. ಗೌಡರು ಕಣ್ಣು ಮುಚ್ಚಿ ಹರಿಕಥೆ ಕೇಳುವವರಂತೆ ಕೇಳುತ್ತಿದ್ದರು.

"ಚೆನ್ನಾಗ್ ಬರ್ದವ್ರೆ" ಎಂದರು. "ಕೆಳಗೆ ಸಹಿ ಯಾರ್ದು ಸಾರ್?"

ಸಹಿ ಸರಿಯಾಗಿ ಕಾಣುತ್ತಿಲ್ಲ ಎಂದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸುಳ್ಳು. ಗೌಡರು ಕಣ್ಣು ತೆರೆದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

"ಬೆಳಿಗ್ಗೇನೇ ಮಗಳು ಓದಿ ಏಳಿದ್ಲು ಸಾರ್. ನಿಮ್ ಬಾಯಲ್ಲೇ ಕೇಳಾಣ ಅಂತ ಬಂದೆ."

ಅವರು ಸಿಟ್ಟಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಸಿಟ್ಟಾಗಲಿಲ್ಲ. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ನಿಂತು ಹೇಳಿದರು. "ಏರ್‌ಪೋರ್ಟ್‌ನೋರ ಪರ್ಮಿಷನ್ ತಗೊಂಡೇ ಕಟ್ತಿರಾದು ಸಾರ್. ಮೂರು ಮಹಡಿ ಕೇಳಿದ್ವಿ, ಮೂರು ಕೊಟ್ಟವ್ರೆ. ನೀವು ಒಂದ್ ಮಾತು ಕೇಳಿದ್ರೆ ತೋರಿಸ್ತಿದ್ದೆ."

ಅವರು ಹೋದ ಮೇಲೆ ಗಿರಿಜಾ ಊಟಕ್ಕೆ ಕರೆದಳು. ತಟ್ಟೆ ಇಟ್ಟಳು. ಅನ್ನ ಇತ್ತು, ಸಾರು ಇತ್ತು. ಸಂಡಿಗೆ ಇರಲಿಲ್ಲ. ಕಲಹದ ಕಾಲದಲ್ಲಿ ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಸಂಡಿಗೆ ನಿಲ್ಲುತ್ತದೆ.

ಮಾರನೆಯ ದಿನ ದೂರು ವಾಪಸು ಪಡೆಯಲು ವಿಮಾನ ನಿಲ್ದಾಣದ ಕಚೇರಿಗೆ ಹೋದೆ. ಗುಮಾಸ್ತ ಫೈಲು ತೆಗೆದು ತೋರಿಸಿದ. ನನ್ನ ಕಾಗದಕ್ಕೆ ಆಗಲೇ ನಂಬರು ಬಿದ್ದಿತ್ತು. ಇಷ್ಟು ಅಚ್ಚುಕಟ್ಟಾದ ದೂರು ಈ ಕಚೇರಿಗೆ ಬಂದದ್ದೇ ಇಲ್ಲ, ನಕ್ಷೆ ಕೂಡ ಅಳತೆಗೆ ಸರಿಯಾಗಿದೆ, ಸಾಹೇಬರು ಮೆಚ್ಚಿ ಸ್ಥಳ ತನಿಖೆಗೆ ಬರೆದಿದ್ದಾರೆ ಎಂದ. ವಾಪಸು ಪಡೆಯುವುದಾದರೆ ಇನ್ನೊಂದು ಅರ್ಜಿ ಕೊಡಬೇಕು, ಅದಕ್ಕೂ ಕಾರಣ, ಅಡಕ, ಪ್ರತಿ ಎಲ್ಲ ಬೇಕು ಎಂದ. ಪ್ರತಿ ಎಂಬ ಪದ ಕಿವಿಗೆ ಬಿದ್ದದ್ದೇ ನಾನು ನಮಸ್ಕಾರ ಹೇಳಿ ಹೊರಟೆ.

ತನಿಖೆಗೆ ಬಂದವರು ಒಬ್ಬ ಇಂಜಿನಿಯರ್ ಹುಡುಗಿ. ಕಾರ್ತಿಕದ ಕೊನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಮೂರು ಕಾಲಿನ ಯಂತ್ರವನ್ನು ರಸ್ತೆಯಲ್ಲಿ ನಿಲ್ಲಿಸಿದರು. ಸುದ್ದಿ ಹೇಗೆ ಹಬ್ಬಿತೋ ತಿಳಿಯದು, ಸಂಘದ ಎರಡೂ ಪಂಗಡದವರು ನೋಡಲು ನೆರೆದರು. ಗೌಡರು ಜಗುಲಿಯಲ್ಲಿ ಕೈಕಟ್ಟಿ ನಿಂತಿದ್ದರು. ಮೂರನೆಯ ಮಹಡಿಯ ಛಾವಣಿಯ ಮೋಲ್ಡ್ ಆ ಶುಕ್ರವಾರ ಹಾಕಬೇಕೆಂದು ಸಿಮೆಂಟು ಮೂಟೆಗಳು ಬಂದು ಕುಳಿತಿದ್ದವು. ಶಾಲೆಯಲ್ಲಿ ಟೀಚರಾಗಿರುವ ಮಗಳು ಸವಿತಾ ರಜೆ ಹಾಕಿ ಬಂದಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಬಿಸಿಲಿಗೆ ಇಂಜಿನಿಯರಮ್ಮನ ತಲೆಯ ಮೇಲೆ ಕೊಡೆ ಹಿಡಿದು ನಿಂತೆ.

ಗೌಡರ ಮನೆಯನ್ನು ಯಂತ್ರದಲ್ಲಿ ನೋಡಿ ಬರೆದುಕೊಂಡರು. ಐದು ನಿಮಿಷ. ಆಮೇಲೆ ಯಂತ್ರವನ್ನು ನಮ್ಮ ಮನೆಯ ಕಡೆಗೆ ತಿರುಗಿಸಿದರು. ಮೇಲೆ ನೋಡಿದರು, ಇನ್ನೂ ಮೇಲೆ ನೋಡಿದರು. ಕಣ್ಣು ತೆಗೆಯಲಿಲ್ಲ.

"ಸಾರ್, ಆ ಪೈಪ್ ಯಾರದು?"

"ಅದು ಆಕಾಶಬುಟ್ಟಿ, ಮೇಡಂ."

"ಬುಟ್ಟಿ ಸರಿ ಸಾರ್. ಪೈಪ್ ಯಾರದು?"

ನೆರೆದವರಲ್ಲಿ ಯಾರೋ ನಕ್ಕರು. ನಾನು ನನ್ನ ಅಳತೆಯ ಪುಸ್ತಕ ತೆಗೆದೆ. ಪೈಪನ್ನೇ ಸೇರಿಸಿದರೂ ನೆಲದಿಂದ ಐವತ್ತೊಂಬತ್ತು ಅಡಿ, ಗೌಡರದು ಐವತ್ತನಾಲ್ಕು, ಐದಡಿಯ ಕಡ್ಡಿಗೆ ಏನು ಮಹಾ ಎಂದು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿದರು. ತಾತನಿಗೆ ಮೊಬೈಲು ಹೇಳಿಕೊಡುವವರ ಮುಖ ಇರುತ್ತದಲ್ಲ, ಹಾಗೆ.

"ನಾವು ನೆಲದಿಂದ ಅಳೆಯಲ್ಲ ಸಾರ್. ಸಮುದ್ರ ಮಟ್ಟದಿಂದ ಅಳೀತೀವಿ. ವಿಮಾನಕ್ಕೆ ನಿಮ್ಮ ನೆಲ ಎಲ್ಲಿದೆ ಅಂತ ಗೊತ್ತಾಗಲ್ಲ."

ಸಮುದ್ರ! ನಾನೂ ದಾವಣಗೆರೆಯವನೇ. ಸಮುದ್ರವನ್ನು ಎರಡೇ ಸಲ ನೋಡಿದ್ದೇನೆ, ಎರಡು ಸಲವೂ ಪ್ಯಾಂಟು ಮಡಿಸಿಕೊಂಡು. ಅದು ಬಂದು ಕೆಂಗೇರಿಯ ಆಚೆ ನನ್ನ ಮನೆಯನ್ನು ಅಳೆಯುತ್ತದೆಂದು ಹೇಗೆ ತಿಳಿಯಬೇಕು?

ಆಮೇಲೆ ಆಕೆ ಹೇಳಿದ ಲೆಕ್ಕ ನನಗೆ ಒಂದಕ್ಷರವೂ ಮರೆತಿಲ್ಲ. ಬೀದಿ ಇಳಿಜಾರು. ನಮ್ಮ ಅಂಗಳ ಗೌಡರ ಅಂಗಳಕ್ಕಿಂತ ಒಂಬತ್ತು ಅಡಿ ಮೇಲೆ. ಮಳೆನೀರು ನುಗ್ಗಬಾರದೆಂದು ಎತ್ತರದ ಸೈಟೇ ಬೇಕು ಎಂದು ಹಟ ಹಿಡಿದವನು ನಾನು. ಅದರ ಮೇಲೆ ನಾಲ್ಕಡಿ ತಳಪಾಯ ಎತ್ತರಿಸಿದವನೂ ನಾನು. ನೈಋತ್ಯ ಮೂಲೆ ಎಲ್ಲಕ್ಕಿಂತ ಎತ್ತರವಿರಬೇಕೆಂದು ವಾಸ್ತುವಿನವರು ಹೇಳಿದ್ದಕ್ಕೆ, ಮೆಟ್ಟಿಲಿನ ಗೂಡಿನ ಮೇಲೆ ಆರಡಿಯ ಕಂಬಗಳನ್ನು ಕಟ್ಟಿಸಿ ಟ್ಯಾಂಕು ಇಡಿಸಿದವನೂ ನಾನೇ. ಕೊನೆಗೆ ಕತ್ತರಿಸಲು ಮನಸ್ಸು ಬಾರದ ಪೈಪು. ಸಮುದ್ರದಿಂದ ನೋಡಿದರೆ ಇಡೀ ಬೀದಿಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನನ್ನ ಆಕಾಶಬುಟ್ಟಿ. ಮಿತಿಗಿಂತ ಮೂರು ಅಡಿ ಎರಡು ಅಂಗುಲ ಮೇಲೆ. ಎರಡು ಅಂಗುಲವನ್ನೂ ಆಕೆ ಬಿಡಲಿಲ್ಲ. ಒಳ್ಳೆಯ ಅಧಿಕಾರಿ.

ಗಿರಿಜಾ ಆಕೆಯನ್ನು ತಾರಸಿಗೆ ಕರೆದುಕೊಂಡು ಹೋಗಿ ಪೈಪು ತೋರಿಸಿದಳು. ಅಲ್ಲಿ ಸಂಡಿಗೆ ಒಣಗುತ್ತಿತ್ತು. ಸುತ್ತ ಹತ್ತು ಹದಿನೈದು ಕಾಗೆ, ಮೇಲೆ ಒಂದು ಹದ್ದು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಕರಿದ ಸಂಡಿಗೆ, ಚಹಾ ಕೊಟ್ಟಳು. ಆಕೆ ಬಹಳ ಇಷ್ಟಪಟ್ಟು ತಿಂದರು. ಒಂದು ಕೈಯಲ್ಲಿ ಸಂಡಿಗೆ ತಿನ್ನುತ್ತಲೇ ಇನ್ನೊಂದು ಕೈಯಲ್ಲಿ ಕಾಗೆಗಳನ್ನು ಎಣಿಸಿ ಏನೋ ಬರೆದುಕೊಂಡರು.

ಹದಿನೈದು ದಿನಕ್ಕೆ ಉತ್ತರ ಬಂತು. ಅವರೂ ಪದ್ಧತಿ ತಿಳಿದವರು. ಗೌಡರಿಗೊಂದು ಪ್ರತಿ ಕಳಿಸಿದ್ದರು. ದೂರಿಗೆ ಒಳಗಾದ ಕಟ್ಟಡವು ಮಿತಿಯೊಳಗಿದೆ, ಅಷ್ಟೇ ಅಲ್ಲ, ತಗ್ಗಿನ ಸೈಟಾದ್ದರಿಂದ ಇನ್ನೂ ಹತ್ತು ಅಡಿ ಏರಿಸಲು ಈ ಕಚೇರಿಯ ಅಭ್ಯಂತರವಿಲ್ಲ. ದೂರುದಾರರು ತಮ್ಮ ಪೈಪನ್ನು ಏಳು ದಿನದೊಳಗೆ ಇಳಿಸತಕ್ಕದ್ದು. ದೂರುದಾರರ ತಾರಸಿಯಲ್ಲಿ ತಿನಿಸು ಒಣಗಿಸುವುದರಿಂದ ಪಕ್ಷಿಗಳು ನೆರೆಯುತ್ತಿದ್ದು, ವಿಮಾನಗಳಿಗೆ ಅಪಾಯವಿರುವುದರಿಂದ, ಇನ್ನು ಮುಂದೆ ಬಲೆ ಹೊದಿಸಿ, ಕಾಯಲು ಒಬ್ಬ ವ್ಯಕ್ತಿಯನ್ನು ನೇಮಿಸತಕ್ಕದ್ದು.

ಅಂದೇ ಸಂಜೆ ಗೌಡರು ಬಂದರು. ಕೈಯಲ್ಲಿ ಮೈಸೂರುಪಾಕಿನ ಡಬ್ಬ. ನನ್ನ ಎರಡೂ ಕೈ ಹಿಡಿದುಕೊಂಡರು.

"ಸಾರ್, ಜಾಸ್ತಿ ಕೇಳಿದ್ರೆ ಎಲ್ಲಿ ಇರೋದನ್ನೂ ಕಿತ್ಕತಾರೋ ಅಂತ ಎದ್ರಿ ಮೂರಕ್ಕೇ ನಿಂತಿದ್ದೆ. ನೀವಿಲ್ದಿದ್ರೆ ನಾಲ್ಕನೇದು ಐತೆ ಅಂತಾನೇ ಗೊತ್ತಾಯ್ತಿರ್ಲಿಲ್ಲ. ಮಗನಿಗೂ ಒಂದ್ ಮನೆ ಆಯ್ತು ಬುಡಿ."

ಒಂದು ಮಹಡಿ ನಿಲ್ಲಿಸಲು ಹೋದವನು ಎರಡು ಮಹಡಿ ಕಟ್ಟಿಸಿಕೊಟ್ಟಿದ್ದೆ. ಅವರು ವ್ಯಂಗ್ಯವಾಡುತ್ತಿದ್ದಾರೋ ಎಂದು ಮುಖ ನೋಡಿದೆ. ಇಲ್ಲ, ನಿಜವಾದ ಸಂತೋಷ. ಅದು ಇನ್ನೂ ಕಷ್ಟ. ಮೈಸೂರುಪಾಕು ಬಾಯಿಗಿಟ್ಟುಕೊಂಡೆ. ಚೆನ್ನಾಗಿತ್ತು. ಒಳಗಿನಿಂದ ಗಿರಿಜಾ ಹೇಳಿದ್ದು ನನಗೊಬ್ಬನಿಗೇ ಕೇಳಿಸಿತು. "ನಾ ಕೇಳಿದ್ದು ಬಿಸಿ‌ಲು ಏನಾಗ್ತೈತಿ ಅಂತ ಅಷ್ಟೇ. ಏನರ ಮಾಡ್ರಿ ಅಂದಿದ್ನೇನು?"

ಸಂಕ್ರಾಂತಿ ಕಳೆದು ನಾಲ್ಕನೆಯ ಮಹಡಿಯ ಮೋಲ್ಡ್ ಬಿತ್ತು. ಈಗ ನಮ್ಮ ತಾರಸಿಗೆ ಸೂರ್ಯ ಬರುವುದು ಹತ್ತು ಗಂಟೆ ನಲವತ್ತು ನಿಮಿಷಕ್ಕೆ. ಸಂಡಿಗೆಯ ಕಾಲ ಶುರುವಾಗಿತ್ತು. ಮೊದಲ ಬಾರಿ ಹಾಕಿದ್ದು ಪೂರ್ತಿ ಸೀಳಿತು. ಗಿರಿಜಾ ಅದನ್ನು ಒಂದೊಂದಾಗಿ ಎತ್ತಿ ಡಬ್ಬಕ್ಕೆ ಹಾಕಿದಳು, ನನ್ನ ಕಡೆ ನೋಡಲಿಲ್ಲ. ಈ ಯುಗಾದಿಗೆ ಚಂದ್ರಾ ಲೇಔಟಿನವರಿಗೆ ಫೋನು ಮಾಡಿ ಇಲ್ಲ ಎಂದುಬಿಡುತ್ತೇನೆ ಎಂದಳು. ಆ ಮಾತು ಹೇಳುವಾಗ ಅವಳ ಧ್ವನಿ ಸಣ್ಣದಾಗಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಯುಗಾದಿಯೂ ಅವಳು ಇಲ್ಲ ಎಂದವಳಲ್ಲ. ನಾನು ಆ ದಿನ ಊಟ ಮಾಡಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಮಧ್ಯಾಹ್ನದ ಊಟ ಮಾತ್ರ.

ಜಯಮ್ಮನಿಗೆ ಇದು ಹೇಗೋ ತಿಳಿಯಿತು. ಬಂದು ಹೊಸ ತಾರಸಿಯ ಬೀಗದ ಕೈಯನ್ನು ಗಿರಿಜಾಳ ಅಂಗೈಯಲ್ಲಿಟ್ಟರು. "ಮೇಲಕ್ಕೆ ಹಾಕ್ಕಳಿ ಅಕ್ಕ. ನಮ್ ತಾರಸಿಗೆ ಸೂರ್ಯ ಹುಟ್ಟುತ್ಲೇ ಬತ್ತಾನೆ. ನಮ್ದೇನೈತೆ ಅಲ್ಲಿ ಒಣಗಾಕೋಕೆ?"

ಹೀಗೆ ಸೂರ್ಯ ಉಳಿದ. ಪಕ್ಕದ ಮನೆಯಲ್ಲಿ ಉಳಿದ, ಅಷ್ಟೇ.

ಲಿಫ್ಟು ಇನ್ನೂ ಬಂದಿಲ್ಲ. ಅವರ ತಾರಸಿಗೆ ತೊಂಬತ್ತೆರಡು ಮೆಟ್ಟಿಲು. ಬೆಳಿಗ್ಗೆ ಆರೂವರೆಗೆ ಹಿಟ್ಟಿನ ಪಾತ್ರೆ, ಪ್ಲಾಸ್ಟಿಕ್ ಹಾಳೆ, ಬಲೆ, ಕೊಡೆ ಹೊತ್ತು ಹತ್ತುತ್ತೇನೆ. ಕಾಯಲು ನೇಮಿಸತಕ್ಕ ವ್ಯಕ್ತಿ ಯಾರು ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲೇ ಇಲ್ಲ. ಕೊಡೆ ಬಿಚ್ಚಿ ಸ್ಟೂಲಿನ ಮೇಲೆ ಕೂರುತ್ತೇನೆ. ಒಂದು ಕೋಲಿಗೆ ಗಿರಿಜಾಳ ಹಳೆಯ ಕಪ್ಪು ರವಿಕೆಯ ಬಟ್ಟೆ ಕಟ್ಟಿಕೊಂಡು ಕಾಗೆ ಓಡಿಸುತ್ತಿದ್ದೆ. ದೇಶದ ವೈಮಾನಿಕ ಸುರಕ್ಷತೆಗೆ ನನ್ನಿಂದಾದ ಸೇವೆ.

ಮೂರನೆಯ ದಿನ ಫೋನು ಬಂತು. ಅದೇ ಇಂಜಿನಿಯರಮ್ಮ.

"ಸಾರ್, ನಿಮ್ಮ ಪಕ್ಕದ ಬಿಲ್ಡಿಂಗ್ ಮೇಲೆ ಯಾರೋ ಕಪ್ಪು ಬಾವುಟ ಬೀಸ್ತಿದ್ದಾರಂತೆ. ಫ್ಲೈಯಿಂಗ್ ಕಲೀತಿರೋ ಹುಡುಗಿ ಒಬ್ಬಳು ಇಳೀಬೇಡ ಅಂತ ಸಿಗ್ನಲ್ ಅಂದ್ಕೊಂಡು ಎರಡು ಸುತ್ತು ಜಾಸ್ತಿ ಹಾಕಿದ್ದಾಳೆ. ನೀವು ಎಲ್ಲ ಕರೆಕ್ಟಾಗಿ ಬರೀತೀರಿ. ಯಾರು ಅಂತ ನೋಡಿ ಒಂದು ಕಂಪ್ಲೇಂಟ್ ಕಳಿಸ್ತೀರಾ?"

ನೋಡುತ್ತೇನೆ ಮೇಡಂ ಎಂದೆ. ಫೋನು ಇಟ್ಟು ಕೋಲನ್ನು ಬಲೆಯ ಕೆಳಗೆ ತಳ್ಳಿದೆ. ತಲೆಯ ಮೇಲೆ ವಿಮಾನ ಹಾದುಹೋಯಿತು. ನೆಟ್ಟಗೆ ಕುಳಿತೆ, ಕೈಕಾಲು ಅಲುಗಿಸಲಿಲ್ಲ. ಅದು ದೂರವಾಗುವವರೆಗೆ ಕಾಗೆಗಳು ಬಲೆಯ ಸಂದಿಯಿಂದ ತಿಂದವು.

ಈಗ ಬಾಯಲ್ಲೇ ಹುಶ್ ಎನ್ನುತ್ತೇನೆ. ಅದೂ ಮೆಲ್ಲಗೆ.